ಫ್ರೆಂಚ್ ಕಲಿತರೆ ಕೆನಡಾ ಪಿಆರ್ (ಕಾಯಂ ವಾಸದ ಪರವಾನಗಿ) ಸಿಗುವುದು ನಿಜವೇ? ಎಲ್ಲಿಯವರೆಗೆ ಕಲಿಯಬೇಕು?

ನೀವು ಕೊಟ್ಟ ವಿವರ ಇಷ್ಟು: ವಯಸ್ಸು 33, ಮದುವೆಯಾಗಿಲ್ಲ, ವಿಟಿಯು ಬಿಇ ಮೆಕ್ಯಾನಿಕಲ್, ಬೆಳಗಾವಿಯ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿ ಆರು ವರ್ಷ, ಐಇಎಲ್‌ಟಿಎಸ್‌ನಲ್ಲಿ ಸಿಎಲ್‌ಬಿ (ಇಂಗ್ಲಿಷ್ ಮಟ್ಟಕ್ಕೆ ಕೆನಡಾದ ಅಳತೆ) 9. ಸ್ಕೋರ್ ಸಾಲುತ್ತಿಲ್ಲ, ಫ್ರೆಂಚ್ ಕಲಿತರೆ ಉಪಯೋಗವಾಗುತ್ತದೆಯೇ ಎಂಬುದು ಪ್ರಶ್ನೆ. ಖಂಡಿತ ಆಗುತ್ತದೆ. ಆದರೆ ಒಂದು ಮಟ್ಟ ಮುಟ್ಟಿದರೆ ಮಾತ್ರ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತರೂ ಕಲಿತದ್ದಕ್ಕೆ ಅಂಕ ಬಹುತೇಕ ಇಲ್ಲ.

ಮೊದಲು ನಿಮ್ಮ ಈಗಿನ ಸಿಆರ್‌ಎಸ್ ಲೆಕ್ಕ ಮಾಡೋಣ, ಅಂದರೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಕೆನಡಾದ ವಲಸೆ ವ್ಯವಸ್ಥೆಯಲ್ಲಿ ಅಭ್ಯರ್ಥಿಗೆ ಸಿಗುವ ಅಂಕ. ವಯಸ್ಸಿಗೆ 88, ಬಿಇಗೆ 120, ಇಂಗ್ಲಿಷ್‌ಗೆ 124, ಪದವಿ ಮತ್ತು ಇಂಗ್ಲಿಷ್ ಸೇರಿ 25, ಅನುಭವ ಮತ್ತು ಇಂಗ್ಲಿಷ್ ಸೇರಿ 50. ಒಟ್ಟು 407. ಫೆಡರಲ್ ಸ್ಕಿಲ್ಡ್ ವರ್ಕರ್ (ನುರಿತ ಕೆಲಸಗಾರರ ವರ್ಗ) ಅರ್ಹತೆಗೆ ಬೇರೆಯದೇ ಲೆಕ್ಕದಲ್ಲಿ ಬೇಕಾದ 67 ಅಂಕ ನಿಮಗೆ ಈಗಾಗಲೇ ಇದೆ, ಆ ಚಿಂತೆ ಬೇಡ. ತೊಡಕಿರುವುದು ಡ್ರಾದಲ್ಲಿ, ಅಂದರೆ ಹೆಚ್ಚು ಅಂಕದವರನ್ನು ಆರಿಸಿ ಅರ್ಜಿ ಹಾಕಲು ಕರೆಯುವ ಸುತ್ತಿನಲ್ಲಿ. ಕೆನಡಾದಲ್ಲೇ ಕೆಲಸ ಮಾಡಿದವರಿಗೆ 2025ರಲ್ಲಿ ನಡೆದ ಡ್ರಾಗಳ ಕಟ್‌ಆಫ್ 500 ದಾಟಿತ್ತು. ಕೆಲಸದ ಆಫರ್‌ಗೆ ಸಿಗುತ್ತಿದ್ದ ಅಂಕವನ್ನೂ 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ಇಲ್ಲಿಂದ ಅರ್ಜಿ ಹಾಕುವವರಿಗೆ 407 ಇಟ್ಟುಕೊಂಡು ಕಾಯುವುದರಲ್ಲಿ ಅರ್ಥವಿಲ್ಲ.

ಫ್ರೆಂಚ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಈ ನಾಲ್ಕರಲ್ಲೂ ಎನ್‌ಸಿಎಲ್‌ಸಿ (ಸಿಎಲ್‌ಬಿಯಂಥದೇ ಫ್ರೆಂಚ್ ಅಳತೆ) 7 ಬಂದರೆ ಎರಡನೇ ಭಾಷೆಯ ಲೆಕ್ಕದಲ್ಲಿ ತಲಾ 3ರಂತೆ 12 ಅಂಕ. ಇಂಗ್ಲಿಷ್ ಸಿಎಲ್‌ಬಿ 5 ಅಥವಾ ಹೆಚ್ಚಿದ್ದರೆ ಇನ್ನೂ 50. ಒಟ್ಟು 62 ಸೇರಿ ನಿಮ್ಮ ಸ್ಕೋರ್ 469 ಆಗುತ್ತದೆ. ಈ ಅಂಕಕ್ಕಿಂತಲೂ ದೊಡ್ಡ ಲಾಭ ಬೇರೆ ಇದೆ: ಫ್ರೆಂಚ್ ಬಲ್ಲವರಿಗೆಂದೇ 2023ರಿಂದ ಪ್ರತ್ಯೇಕ ಡ್ರಾ ನಡೆಯುತ್ತಿದೆ. ಅದರ ಕಟ್‌ಆಫ್ 2024ರ ಫೆಬ್ರುವರಿ 29ರಂದು 336ಕ್ಕೆ ಇಳಿದಿತ್ತು. 2025ರ ಮಾರ್ಚ್ 21ರಂದು 379, ಅದೇ ವರ್ಷ ಆಗಸ್ಟ್‌ನಲ್ಲಿ 481. ಇಷ್ಟು ಏರಿಳಿತ ಇರುವುದರಿಂದ 469 ಎಂದರೆ ಗ್ಯಾರಂಟಿ ಅಲ್ಲ, ಆದರೂ ಬಹಳ ಗಟ್ಟಿ ಜಾಗ. "ಫ್ರೆಂಚ್ ಬಂದರೆ ಪಿಆರ್ ಗ್ಯಾರಂಟಿ" ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ.

ಈಗ ಜನ ಎಡವುವ ಜಾಗ. ಮೂರು ಕೌಶಲದಲ್ಲಿ 7 ಬಂದು ಬರವಣಿಗೆಯಲ್ಲಿ 6 ಬಂದರೆ ಆ 50 ಅಂಕ ಪೂರ್ತಿ ಹೋಗುತ್ತದೆ, ಫ್ರೆಂಚ್ ಡ್ರಾಗೂ ಅರ್ಹತೆ ಇಲ್ಲ. ಕೈಗೆ ಉಳಿಯುವುದು 10 ಅಂಕ. ಎರಡು ಬಾರಿ ಬರೆದು ಒಂದರ ಬರವಣಿಗೆ, ಇನ್ನೊಂದರ ಮಾತು ಸೇರಿಸಿ ತೋರಿಸಲೂ ಬರುವುದಿಲ್ಲ. ನಾಲ್ಕೂ ಒಂದೇ ಪರೀಕ್ಷೆಯಲ್ಲಿ ಆಗಬೇಕು.

ಒಪ್ಪುವ ಪರೀಕ್ಷೆಗಳು ಎರಡೇ: ಟಿಇಎಫ್ ಕೆನಡಾ, ಟಿಸಿಎಫ್ ಕೆನಡಾ. ಡೆಲ್ಫ್ ಎಂಬ ಇನ್ನೊಂದು ಫ್ರೆಂಚ್ ಪರೀಕ್ಷೆಯ ಬಿ2 (ಮೇಲ್ಮಧ್ಯಮ ಮಟ್ಟ) ಸರ್ಟಿಫಿಕೇಟ್ ಇದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಕ್ಲಾಸಿಗೆ ಸೇರುವಾಗಲೇ ಇದನ್ನು ಕೇಳಿಕೊಳ್ಳಿ. ಟಿಸಿಎಫ್‌ನಲ್ಲಿ 7ನೇ ಹಂತಕ್ಕೆ ಕೇಳುವುದರಲ್ಲಿ 458, ಓದುವುದರಲ್ಲಿ 453, ಬರವಣಿಗೆ ಮತ್ತು ಮಾತಿನಲ್ಲಿ 20ಕ್ಕೆ ತಲಾ 10 ಬೇಕು. ಬರವಣಿಗೆಗೆ 60 ನಿಮಿಷ, ಮೂರು ಪ್ರಶ್ನೆ. ಮೂರನೆಯದೇ ಕಷ್ಟ: ಒಂದೇ ವಿಷಯದ ಬಗ್ಗೆ ಎರಡು ಅಭಿಪ್ರಾಯ ಕೊಟ್ಟಿರುತ್ತಾರೆ, ಅವೆರಡರ ಸಾರ ಬರೆದು ನಿಮ್ಮ ನಿಲುವನ್ನೂ ಹೇಳಬೇಕು, ಎಲ್ಲ ಸೇರಿ 120ರಿಂದ 180 ಪದ. ಮೊದಲೆರಡಕ್ಕೆ ಅರ್ಧ ತಾಸಿಗಿಂತ ಹೆಚ್ಚು ಕೊಟ್ಟರೆ ಇದಕ್ಕೆ ಸಮಯ ಸಾಲುವುದಿಲ್ಲ. ಮಾತಿನ ಪರೀಕ್ಷೆ 12 ನಿಮಿಷ. ಅದರಲ್ಲಿ ಒಂದು ಭಾಗದಲ್ಲಿ ಪ್ರಶ್ನೆ ಕೇಳಬೇಕಾದವರು ನೀವು: ಮನೆ ಬಾಡಿಗೆ, ಜಿಮ್, ಪ್ರವಾಸ ಇಂಥ ಸಂದರ್ಭ ಕೊಟ್ಟು ಮಾಹಿತಿ ಕೇಳಿ ಎನ್ನುತ್ತಾರೆ. ಉತ್ತರ ಬಾಯಿಪಾಠ ಮಾಡಿದವರು ಇಲ್ಲಿ ನಿಂತುಬಿಡುತ್ತಾರೆ. ಪ್ರಶ್ನೆ ಮಾಡುವುದನ್ನು ದಿನಾ ಅಭ್ಯಾಸ ಮಾಡಿ.

ಎನ್‌ಸಿಎಲ್‌ಸಿ 7 ಎಂದರೆ ಹೆಚ್ಚುಕಮ್ಮಿ ಬಿ2. ಶೂನ್ಯದಿಂದ ಅಲ್ಲಿಗೆ ಸುಮಾರು 600 ತಾಸಿನ ಕಲಿಕೆ. ಶಿಫ್ಟ್ ಡ್ಯೂಟಿ ಇದ್ದವರು ದಿನಕ್ಕೆ ಒಂದೂವರೆ ತಾಸು ಕೂತರೆ ಒಂದು ವರ್ಷದ ಮೇಲೆ ಎಂದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಬಿ2 ಎನ್ನುವ ಜಾಹೀರಾತು ನಂಬಬೇಡಿ. ಈ ನಡುವೆ ವಯಸ್ಸಿಗೆ ವರ್ಷಕ್ಕೆ ಐದಾರು ಅಂಕ ಕಡಿಮೆಯಾಗುತ್ತದೆ, ಆದರೂ 62ರ ಮುಂದೆ ಅದು ಸಣ್ಣದು. ನಿರ್ಜೀವ ವಸ್ತುವಿಗೂ ಗಂಡು-ಹೆಣ್ಣು ಲಿಂಗ ಇರುವುದು ಕನ್ನಡ ಮಾತ್ರ ಬಲ್ಲವರನ್ನು ಕಾಡುತ್ತದೆ. ಬೆಳಗಾವಿಯಲ್ಲಿದ್ದು ಮರಾಠಿ ರೂಢಿಯಾಗಿದ್ದರೆ ಅದು ಅಷ್ಟು ವಿಚಿತ್ರ ಅನಿಸಲಿಕ್ಕಿಲ್ಲ. ನಿಜವಾಗಿ ಸಮಯ ತಿನ್ನುವುದು ಕೇಳುವುದು. ಬರೆದಾಗ ಬಿಡಿಬಿಡಿಯಾಗಿ ಕಾಣುವ ಪದಗಳು ಮಾತಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪರೀಕ್ಷೆಯಲ್ಲಿ ಕೇಳಿಸುವುದು ಒಂದೇ ಸಲ. ಮೊದಲ ತಿಂಗಳಿಂದಲೇ ಫ್ರೆಂಚ್ ರೇಡಿಯೊ ಹಾಕಿಕೊಳ್ಳಿ. ಪರೀಕ್ಷೆಗೆ ಬೆಂಗಳೂರು ಅಥವಾ ಪುಣೆಯ ಅಲಿಯಾನ್ಸ್ ಫ್ರಾಂಸೇಸ್ (ಫ್ರೆಂಚ್ ಕಲಿಸುವ ಸಂಸ್ಥೆ) ನೋಡಿ, ಬೆಳಗಾವಿಗೆ ಪುಣೆಯೇ ಹತ್ತಿರ.

ಇನ್ನೊಂದು ತಪ್ಪು ಕಲ್ಪನೆ: ಫ್ರೆಂಚ್ ಎಂದರೆ ಕ್ವಿಬೆಕ್ (ಫ್ರೆಂಚ್ ಆಡುವ ಕೆನಡಾದ ಪ್ರಾಂತ್ಯ) ಎಂದು. ಮೇಲೆ ಹೇಳಿದ್ದೆಲ್ಲ ಕ್ವಿಬೆಕ್ ಬಿಟ್ಟು ಉಳಿದ ಪ್ರಾಂತ್ಯಗಳಿಗೆ. ಕ್ವಿಬೆಕ್‌ಗೆ ಅದರದೇ ಬೇರೆ ಆಯ್ಕೆ ವ್ಯವಸ್ಥೆ ಇದೆ. ಪ್ರೊಫೈಲ್‌ನಲ್ಲಿ ಕ್ವಿಬೆಕ್‌ನಲ್ಲಿ ನೆಲೆಸುವುದಾಗಿ ಹೇಳಿದರೆ ಎಕ್ಸ್‌ಪ್ರೆಸ್ ಎಂಟ್ರಿಯಿಂದ ಹೊರಗೆ ಬೀಳುತ್ತೀರಿ.

ಬಿ2 ತನಕ ಹೋಗಲು ಆಗದಿದ್ದರೆ ಫ್ರಾಂಕೊಫೋನ್ ಮೊಬಿಲಿಟಿ ವರ್ಕ್ ಪರ್ಮಿಟ್ ಇದೆ. ಅದಕ್ಕೆ ಕೇಳುವುದು ಮತ್ತು ಮಾತಿನಲ್ಲಿ ಮಾತ್ರ ಎನ್‌ಸಿಎಲ್‌ಸಿ 5 ಸಾಕು. ಆದರೆ ಕ್ವಿಬೆಕ್‌ನ ಹೊರಗಿನ ಮಾಲೀಕರಿಂದ ಕೆಲಸದ ಆಫರ್ ಬೇಕು, ಮತ್ತು ಅದು ಪಿಆರ್ ಅಲ್ಲ.

ಕಾಗದಪತ್ರದ ಕೆಲಸವನ್ನು ಕಲಿಕೆಯ ಜೊತೆಗೇ ಶುರು ಮಾಡಿ. ಪದವಿಯ ಮೌಲ್ಯಮಾಪನ ವರದಿ ಐದು ವರ್ಷ ನಡೆಯುತ್ತದೆ, ಹಾಗಾಗಿ ವಿಟಿಯು ಟ್ರಾನ್ಸ್‌ಕ್ರಿಪ್ಟ್ ಈಗಲೇ ತೆಗೆಸಿ. ವಿಶ್ವವಿದ್ಯಾಲಯ ನಿಮ್ಮ ಊರಲ್ಲೇ ಇದೆ, ಅದರ ಆವರಣ ಜ್ಞಾನಸಂಗಮಕ್ಕೆ ಹೋಗಿ ಬರುವ ಅನುಕೂಲ ಎಲ್ಲರಿಗೂ ಇಲ್ಲ. ಭಾಷಾ ಪರೀಕ್ಷೆಗಳ ಮಾನ್ಯತೆ ಮಾತ್ರ ಎರಡೇ ವರ್ಷ. ಫ್ರೆಂಚ್ ಮುಗಿಯುವ ಹೊತ್ತಿಗೆ ಐಇಎಲ್‌ಟಿಎಸ್ ಅವಧಿ ಮುಗಿಯುವಂತಿದ್ದರೆ ಮೊದಲೇ ಇನ್ನೊಮ್ಮೆ ಬರೆಯಿರಿ. ಕರೆ ಬಂದ ಮೇಲೆ ಅರ್ಜಿ ಸಲ್ಲಿಸಲು 60 ದಿನ ಇರುತ್ತದೆ, ಆ ದಿನಗಳಲ್ಲಿ ಪರೀಕ್ಷೆಯ ಸೀಟು ಹುಡುಕುತ್ತ ಕೂರುವಂತಾಗಬಾರದು.