ಕೋರ್ಸಿನ ಶ್ರುತಿ ನಿಮ್ಮ ಶ್ರುತಿಯಲ್ಲ

ಪ್ರಶ್ನೆ: ನನಗೆ 44 ವರ್ಷ, ಕುಮಟಾ ಹತ್ತಿರದ ಹಳ್ಳಿಯಲ್ಲಿದ್ದೇನೆ. ಮಕ್ಕಳು ಓದಲು ಹೊರಗೆ ಹೋದ ಮೇಲೆ ಹಳೆಯ ಆಸೆ ಚಿಗುರಿ, ಮನೆಯಲ್ಲೇ ಹಿಂದೂಸ್ತಾನಿ ಗಾಯನ ಕಲಿಸುವ ವಿಡಿಯೊ ಕೋರ್ಸ್ ಕೊಂಡೆ. ಕಲಿಸುವವರು ಗಂಡಸರು. ಅವರ ಜೊತೆಗೇ ಹಾಡುತ್ತ ಅರ್ಧ ಪಾಠ ಮುಗಿಸಿದ್ದೇನೆ. ಕೆಳಗಿನ ಸ್ವರ ಹೊರಡುವುದಿಲ್ಲ, ಮೇಲಿನ ಷಡ್ಜಕ್ಕೆ ಹೋದರೆ ಗಂಟಲು ಬಿಗಿಯುತ್ತದೆ. ಗುರುವಿಲ್ಲದೆ ಸಂಗೀತ ಬಾರದು ಎನ್ನುತ್ತಾರೆ ಮನೆಯವರು. ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ತೊಂದರೆ ನಿಮ್ಮ ಕಂಠದ್ದಲ್ಲ, ನೀವು ಹಿಡಿದ ಶ್ರುತಿಯದ್ದು. ಗಂಡಸರ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’, ಹಾರ್ಮೋನಿಯಂನ ಕಪ್ಪು-ಬಿಳಿ ಮಣೆಗಳ (ಕೀಲಿಗಳ) ಲೆಕ್ಕದಲ್ಲಿ ಸಾಮಾನ್ಯವಾಗಿ ಕಪ್ಪು 1, ಕಪ್ಪು 2ರ ಆಸುಪಾಸಿನಲ್ಲಿರುತ್ತದೆ. ಹೆಂಗಸರದು ಹೆಚ್ಚಾಗಿ ಕಪ್ಪು 4ರಿಂದ ಕಪ್ಪು 5ರೊಳಗೆ. ಕಪ್ಪು 1 ಎಂದರೆ ಸೆಕೆಂಡಿಗೆ ಸುಮಾರು 139 ಕಂಪನ, ಕಪ್ಪು 5 ಎಂದರೆ ಸುಮಾರು 233. ಕಲಿಸುವವರ ಕಪ್ಪು 1ರಲ್ಲೇ ಹಾಡಲು ಹೋದರೆ ನಿಮಗೆ ಮಂದ್ರ, ಅಂದರೆ ಕೆಳಗಿನ ಸಪ್ತಕ, ಸಿಗುವುದಿಲ್ಲ. ಒಂದು ಸಪ್ತಕ ಮೇಲೆ ಹಿಡಿದರೆ ನಿಮ್ಮ ಷಡ್ಜ 277ಕ್ಕೆ, ತಾರ ಷಡ್ಜ (ಮೇಲಿನ ಸಪ್ತಕದ ‘ಸ’) 554ಕ್ಕೆ ಹೋಗಿ ನಿಲ್ಲುತ್ತದೆ. ಹೊಸದಾಗಿ ಕಲಿಯುವ ಕಂಠ ಅಲ್ಲಿ ಬಿಗಿಯದೆ ಇನ್ನೇನು ಮಾಡೀತು?

ಆದ್ದರಿಂದ ಪಾಠ ಮುಂದುವರಿಸುವುದನ್ನು ಸ್ವಲ್ಪ ದಿನ ಬದಿಗಿಟ್ಟು ಮೊದಲು ನಿಮ್ಮ ಷಡ್ಜ ಹುಡುಕಿ. ಫೋನಿನ ತಂಬೂರಿ ಆ್ಯಪ್‌ನಲ್ಲಿ ಕಪ್ಪು 4 ಇಟ್ಟು, ಷಡ್ಜದಿಂದ ಹಾಡುತ್ತ ನಿಧಾನವಾಗಿ ಕೆಳಗಿಳಿಯಿರಿ. ಮಂದ್ರ ಪಂಚಮ ಬರೀ ಗಾಳಿಯಾಗದೆ ಸ್ವರವಾಗಿ ಕೇಳಬೇಕು. ಆಮೇಲೆ ಮೇಲೆ ಹೋಗಿ, ಗದ್ದ ಎತ್ತದೆ, ಹುಬ್ಬು ಗಂಟಿಕ್ಕದೆ ತಾರ ಷಡ್ಜ ದಾಟಿ ತಾರ ಗಾಂಧಾರ ಮುಟ್ಟಬೇಕು. ಮಂದ್ರ ಪಂಚಮ ಜಾರಿದರೆ ಬಿಳಿ 6, ನಂತರ ಕಪ್ಪು 5 ಪ್ರಯತ್ನಿಸಿ. ಸಿಕ್ಕ ಮೇಲೆ ಅದನ್ನೇ ಇಟ್ಟುಕೊಳ್ಳಿ. ಒಂದು ದಿನ ಕಂಠ ಚೆನ್ನಾಗಿದೆ ಎಂದು ಶ್ರುತಿ ಏರಿಸುವುದು, ನೆಗಡಿಯಾದಾಗ ಇಳಿಸುವುದು ಬೇಡ. ನೆಗಡಿಯಾದ ದಿನ ಹಾಡುವುದೇ ಬೇಡ.

ಇನ್ನು ಕೋರ್ಸಿನ ಜೊತೆಗೆ ಹಾಡುವ ರೂಢಿ. ಮನೆಯಲ್ಲಿ ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಹಿಂದೆ ಹಾಕುವುದು ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಪಳಗಿದ ದನಿಯೊಂದು ಜೊತೆಗಿದ್ದಾಗ ನಮ್ಮ ತಪ್ಪು ಅದರೊಳಗೆ ಮುಚ್ಚಿಹೋಗುತ್ತದೆ, ಸರಿಯಾಗಿ ಹಾಡಿದೆವೆಂದು ಅನಿಸುತ್ತದೆ. ಪಲಟಾದ (ಸ್ವರಾಭ್ಯಾಸದ) ಒಂದು ಸಾಲು ಕೇಳಿ, ವಿಡಿಯೊ ನಿಲ್ಲಿಸಿ, ನಿಮ್ಮ ತಂಬೂರಿಗೆ ನೀವೊಬ್ಬರೇ ಆಕಾರದಲ್ಲಿ, ಅಂದರೆ ‘ಆ’ ಎನ್ನುತ್ತ, ಹಾಡಿ. ಅವರ ಶ್ರುತಿಯಿಂದ ನಿಮ್ಮ ಶ್ರುತಿಗೆ ಆ ಸಾಲನ್ನು ಎತ್ತಿ ತರುವಾಗ ಮೊದಲು ಗೊಂದಲವಾಗುತ್ತದೆ. ಆ ಶ್ರಮವೇ ಕಿವಿಯ ಸಾಧನೆ. ಸ್ವರ ಎಂದರೆ ಒಂಟಿ ದನಿಯಲ್ಲ, ಷಡ್ಜದಿಂದ ಇರುವ ದೂರ ಎಂಬುದು ಹೀಗೆ ತಾನಾಗಿ ತಿಳಿಯುತ್ತದೆ.

ನಂತರ ರೆಕಾರ್ಡ್ ಮಾಡಿಕೊಳ್ಳಿ. ಹಾಡುವಾಗ ನಮ್ಮ ದನಿ ತಲೆಯ ಮೂಳೆಯ ಮೂಲಕವೂ ಕಿವಿ ಮುಟ್ಟುವುದರಿಂದ ಅದು ಇರುವುದಕ್ಕಿಂತ ತುಂಬಿಕೊಂಡು ಕೇಳುತ್ತದೆ. ರೆಕಾರ್ಡಿಂಗ್ ಮೊದಲ ಸಲ ಬೇಸರ ತರಿಸಬಹುದು, ಧೈರ್ಯ ಕಳೆದುಕೊಳ್ಳಬೇಡಿ. ಮರುದಿನ ಕೇಳಿ, ಒಂದೇ ವಿಷಯ ಗಮನಿಸಿ: ಉಸಿರು ಮುಗಿಯುವ ಹೊತ್ತಿಗೆ ನಿಮ್ಮ ಷಡ್ಜ ತಂಬೂರಿಯಲ್ಲೇ ಇದೆಯೋ, ಕೆಳಗೆ ಜಾರಿದೆಯೋ? ಷಡ್ಜ ನಿಂತ ಮೇಲೆ ಪಂಚಮ, ಆಮೇಲೆ ಗಾಂಧಾರ. ರಾಗಕ್ಕೆ ಬಂದಾಗ ಭೂಪದಿಂದ ತೊಡಗಿ. ಸ ರಿ ಗ ಪ ಧ, ಐದೇ ಸ್ವರ, ಒಂದಕ್ಕೊಂದು ಅಂಟಿಕೊಂಡ ಸ್ವರಗಳಿಲ್ಲ, ತಪ್ಪಿದರೆ ಕಿವಿಗೆ ಬೇಗ ತಿಳಿಯುತ್ತದೆ. ಕೋರ್ಸಿನೊಂದಿಗೆ ಬಂದ ಪುಸ್ತಕ ಭಾತಖಂಡೆ ಸ್ವರಲಿಪಿ ಪದ್ಧತಿಯದ್ದಾದರೆ ಸ್ವರದ ಕೆಳಗಿನ ಅಡ್ಡಗೆರೆ ಕೋಮಲ, ಮಧ್ಯಮದ ಮೇಲೆ ನಿಂತ ಗೆರೆ ತೀವ್ರ. ಚುಕ್ಕೆ ಕೆಳಗಿದ್ದರೆ ಮಂದ್ರ, ಮೇಲಿದ್ದರೆ ತಾರ.

ನಿಮ್ಮ ಕರಾವಳಿಯ ಮಳೆಗಾಲದ ಬಗ್ಗೆಯೂ ಒಂದು ಮಾತು. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಜೂನ್, ಜುಲೈಯಲ್ಲಿ ತಗಡಿನ ಮೇಲೆ ಮಳೆ ಬಡಿಯುವಾಗ ತಂಬೂರಿ ಕೇಳದೆ ನೀವು ಕೂಗುತ್ತೀರಿ, ಗಂಟಲು ಸೋಲುತ್ತದೆ. ಅಂಥ ಹೊತ್ತಿನಲ್ಲಿ ತಾಳ ಹಿಡಿಯಿರಿ. ತೀನ್‌ತಾಲದ 16 ಮಾತ್ರೆಯಲ್ಲಿ 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಅಂದರೆ ಚಪ್ಪಾಳೆಯಿಲ್ಲದೆ ಕೈ ಬೀಸು. ಒಂಟಿಯಾಗಿ ಕಲಿಯುವವರು ಸ್ವರದಲ್ಲಿ ಮುಂದೆ ಹೋಗಿ ತಾಳದಲ್ಲಿ ಉಳಿದುಬಿಡುತ್ತಾರೆ.

ಗುರುವಿನ ಮಾತಿಗೆ ಬಂದರೆ, ಮನೆಯವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಕೋರ್ಸ್ ಹೇಳಿಕೊಡಬಲ್ಲದು, ನಿಮ್ಮನ್ನು ಕೇಳಲಾರದು. ನಾಲಗೆ ಹಿಂದೆ ಸೇದಿಕೊಂಡಿದ್ದನ್ನು, ದವಡೆ ಬಿಗಿದಿದ್ದನ್ನು ಎದುರು ಕೂತವರೇ ಹೇಳಬೇಕು. ವಾರ ವಾರ ಹೋಗಲಾಗದಿದ್ದರೆ ತಿಂಗಳಿಗೊಮ್ಮೆಯಾದರೂ ಹೋಗಿ, ನಿಮ್ಮ ಷಡ್ಜ ಮತ್ತು ಒಂದು ಪಲಟಾ ಕೇಳಿಸಿ ಬನ್ನಿ. ಪಂಡಿತ ಬಸವರಾಜ ರಾಜಗುರು ಅವರ ಶಿಷ್ಯ, ಹಿಂದೂಸ್ತಾನಿ ಗಾಯಕ ಪಂಡಿತ ಗಣಪತಿ ಭಟ್ ಅವರ ಊರು ಹಾಸಣಗಿ ನಿಮ್ಮ ಜಿಲ್ಲೆಯಲ್ಲೇ, ಯಲ್ಲಾಪುರ ತಾಲ್ಲೂಕಿನಲ್ಲಿದೆ. ಹಿಂದೂಸ್ತಾನಿ ಬೇರೂರಿದ ನೆಲ ಇದು, ಹತ್ತಿರದ ಊರುಗಳಲ್ಲಿ ಕಲಿತವರಿದ್ದಾರೆ. ವಿಚಾರಿಸಿ.

ಪ್ರಶ್ನೆ: ಶಿರಸಿಯಿಂದ ಬರೆಯುತ್ತಿದ್ದೇನೆ. ಮಗನಿಗೆ 14. ಅದೇ ರೀತಿಯ ಕೋರ್ಸಿನಿಂದ ಎರಡು ವರ್ಷ ಕಲಿತ. ಯಕ್ಷಗಾನ ಆಟದ ಹುಚ್ಚು, ಭಾಗವತರ ಪದಗಳನ್ನೂ ಫೋನು ಹಾಕಿಕೊಂಡು ಹೇಳುತ್ತಾನೆ. ಈಗ ದನಿ ಒಡೆಯುತ್ತಿದೆ. ಅಜ್ಜಿ ಜ್ಯೇಷ್ಠಮಧುವಿನ ಕಷಾಯ ಕೊಡುತ್ತಿದ್ದಾರೆ.

ಉತ್ತರ: ಇದು ರೋಗವಲ್ಲ, ವಯಸ್ಸು. ಈ ಹಂತದಲ್ಲಿ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ದನಿ ಸುಮಾರು ಒಂದು ಸಪ್ತಕ ಕೆಳಗಿಳಿಯುತ್ತದೆ. ಎರಡು ವರ್ಷದ ಹಿಂದಿನ ಷಡ್ಜ ಅವನದಾಗಿ ಉಳಿದಿಲ್ಲ, ಅದನ್ನೇ ಹಿಡಿಸಿದರೆ ಹಾನಿ. ಪೂರ್ತಿ ನಿಲ್ಲಿಸುವುದೂ ಬೇಕಿಲ್ಲ. ತಂಬೂರಿ ಇಳಿಸಿ, ಸುಲಭವಾಗಿ ಹೊರಡುವ ನಾಲ್ಕೈದು ಸ್ವರಗಳಲ್ಲಿ ಮೆಲುದನಿಯಲ್ಲಿ ಸ್ವಲ್ಪ ಹೊತ್ತು ಹಾಡಲಿ. ಷಡ್ಜ ತಿಂಗಳು ತಿಂಗಳಿಗೂ ಇಳಿಯಬಹುದು, ಇಳಿಯಲಿ ಬಿಡಿ. ಶ್ರುತಿ ಬದಲಿಸಬೇಡಿ ಎಂದು ಮೇಲೆ ಹೇಳಿದ್ದು ಇವನಿಗೆ ಅನ್ವಯಿಸದು.

ಭಾಗವತಿಕೆ ಮಾತ್ರ ಸದ್ಯ ಬೇಡ. ಚೆಂಡೆ, ಮದ್ದಳೆಯ ನಡುವೆ ಕೇಳಿಸಬೇಕಾದ ಕಂಠ ಅದು, ಏರುಶ್ರುತಿ. ಪಕ್ವವಾದ ಕಂಠಕ್ಕೆ ಅದು ಕಟ್ಟಿಕೊಂಡ ಶಕ್ತಿ, ಒಡೆಯುತ್ತಿರುವ ಕಂಠಕ್ಕೆ ಬರೀ ಕಿರುಚಾಟ. ಪದ ಹೇಳುವ ಬದಲು ತಾಳ ಹಾಕುತ್ತ ಕೇಳಲಿ. ತಿಟ್ಟಿನ (ಯಕ್ಷಗಾನ ಶೈಲಿಯ) ನಡೆ, ಪದ್ಯದ ಎತ್ತುಗಡೆ ಮನಸ್ಸಿನಲ್ಲಿ ನಿಂತರೆ ಕಂಠ ಬಂದಾಗ ಕೆಲಸ ಹಗುರ.

ಕಷಾಯ ಕುಡಿಯಲಿ, ಗಂಟಲಿಗೆ ಹಿತ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ, ನೇರವಾಗಿ ಅವನ್ನು ಮುಟ್ಟದು. ಬರೀ ನೀರಿನ ಹಬೆ ಮುಟ್ಟುತ್ತದೆ. ದಿನವಿಡೀ ನೀರು ಕುಡಿಯಲಿ, ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದನ್ನು ಬಿಡಿಸಿ. ದನಿ ಒಡೆಯುವುದು ಬೇರೆ, ಬಿದ್ದುಹೋಗುವುದು ಬೇರೆ: ಮೂರು ವಾರ ಕಳೆದರೂ ಗೊಗ್ಗರು ಹೋಗದಿದ್ದರೆ, ನುಂಗುವಾಗ ನೋವಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಾರವಾರದಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುತ್ತೇನೆ. ಅದನ್ನೇ ಇಟ್ಟುಕೊಂಡು ಗಾಯನ ಕಲಿಯಬಹುದೇ, ತಂಬೂರಿ ಬೇಕೇಬೇಕೇ?

ಉತ್ತರ: ತಂಬೂರಿ ಬೇಕು. ಹಾರ್ಮೋನಿಯಂ ಸಪ್ತಕವನ್ನು 12 ಸಮಪಾಲು ಮಾಡಿರುತ್ತದೆ. ಸಪ್ತಕಕ್ಕೆ 1200 ಸೆಂಟ್ ಎಂದು ಅಳೆದರೆ ಅದರ ಶುದ್ಧ ಗಾಂಧಾರ 400ರಲ್ಲಿದೆ, ತಂಬೂರಿಯ ತಂತಿಯೊಳಗಿಂದ ತಾನಾಗಿ ಹೊರಡುವ ಗಾಂಧಾರ ಸುಮಾರು 386ರಲ್ಲಿ. ಆ ಅಂತರವನ್ನು ಕಿವಿ ಹಿಡಿಯಬಲ್ಲದು. ಪೆಟ್ಟಿಗೆಗೆ ಒಗ್ಗಿದ ಕಂಠಕ್ಕೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಕೂಡ ಕಷ್ಟ, ಏಕೆಂದರೆ ಮಣೆಯಿಂದ ಮಣೆಗೆ ಜಾರಲು ಅಲ್ಲಿ ದಾರಿಯಿಲ್ಲ. ಭಜನೆಗೆ ನುಡಿಸುವುದನ್ನು ಬಿಡಬೇಕಾಗಿಲ್ಲ, ಆ ಕೈ ನಿಮಗೆ ಸ್ವರಸ್ಥಾನ ಗುರುತಿಸಲು ನೆರವಾಗುತ್ತದೆ. ಹೊಸ ಸಾಲನ್ನು ಒಮ್ಮೆ ನುಡಿಸಿ ನೋಡಿ, ಬಾತೆ (ಗಾಳಿಯ ತಿದಿ) ಮುಚ್ಚಿ, ತಂಬೂರಿಗೆ ಹಾಡಿ.