ಶಿರೋವ್ ಆಡಿದ ಬಿಷಪ್ ಎಚ್3 ಎಂಜಿನ್‌ಗೆ ಯಾಕೆ ತಡವಾಗಿ ಹೊಳೆಯುತ್ತದೆ

ಸರ್, 1998ರ ಲಿನಾರೆಸ್ ಚೆಸ್ ಟೂರ್ನಿಯ ಟೋಪಲೋವ್–ಶಿರೋವ್ ಆಟದಲ್ಲಿ ಕಪ್ಪು ಕಾಯಿಗಳ ಶಿರೋವ್ ಆಡಿದ 47ನೇ ನಡೆ ಬಿಷಪ್ ಎಚ್3 ಅನ್ನು ನಿಮ್ಮ ಫೋನಿನ ಎಂಜಿನ್ (ಚೆಸ್ ನಡೆ ಲೆಕ್ಕ ಹಾಕುವ ಪ್ರೋಗ್ರಾಂ) ತೋರಿಸುತ್ತಿಲ್ಲ, ತಪ್ಪು ಯಾರದು ಅಂತ ಕೇಳಿದ್ದೀರಿ. ನಡೆ ಸರಿಯಾಗಿದೆ. ಎಂಜಿನ್ ಕೂಡ ಕೆಟ್ಟಿಲ್ಲ, ಅದಕ್ಕೆ ಇನ್ನೂ ಸಮಯ ಬೇಕು.

ಬೇರೆಯವರೂ ಬೋರ್ಡ್ ಮೇಲೆ ಇಟ್ಟು ನೋಡಲಿ. ಬಿಳಿ: ರಾಜ ಜಿ1, ಬಿಷಪ್ ಸಿ3, ಪಾನ್ (ಪದಾತಿ) ಜಿ2, ಎಚ್4. ಕಪ್ಪು: ರಾಜ ಇ6, ಬಿಷಪ್ ಎಫ್5, ಪಾನ್ ಎ4, ಡಿ5, ಎಫ್6, ಜಿ6. ಈಗ ನಡೆಯುವ ಸರದಿ ಕಪ್ಪಿನದು.

ಕಪ್ಪಿಗೆ ಎರಡು ಪಾನ್ ಜಾಸ್ತಿ. ಆದರೆ ಬಿಷಪ್‌ಗಳು ಬೇರೆ ಬೇರೆ ಬಣ್ಣದ ಮನೆಯಲ್ಲಿವೆ, ಇಂಥ ಆಟ ಸುಲಭವಾಗಿ ಡ್ರಾ ಆಗುತ್ತದೆ ಅಲ್ವಾ? ಕಪ್ಪು ರಾಜ ಎಫ್5 ದಾಟಿ ಇ4 ಸೇರಬೇಕು. ಎಫ್5ರಲ್ಲಿ ತನ್ನದೇ ಬಿಷಪ್ ನಿಂತಿದೆ. ಅದನ್ನು ಬೇರೆಲ್ಲಿಗೋ ಸರಿಸಿದರೆ ಬಿಳಿ ರಾಜ ಇ3ಕ್ಕೆ ಬಂದು ದಾರಿ ಮುಚ್ಚುತ್ತಾನೆ. ಎಚ್3ಕ್ಕೆ ಇಟ್ಟರೆ? ಬಿಳಿ ಅದನ್ನು ಹೊಡೆಯುವುದರಲ್ಲೇ ಒಂದು ನಡೆ ಕಳೆಯುತ್ತದೆ. ಹೊಡೆಯದೆ ರಾಜ ಎಫ್2 ಅಂದರೆ ರಾಜ ಎಫ್5, ರಾಜ ಎಫ್3, ಆಮೇಲೆ ಬಿಷಪ್ ಜಿ2 ಹೊಡೆದು ಚೆಕ್! ಬಿಳಿ ರಾಜ ಹಿಂದೆ ಸರಿದು ಬಿಷಪ್ ತಿನ್ನಬೇಕು, ಅಷ್ಟರಲ್ಲಿ ಕಪ್ಪು ರಾಜ ಇ4ರಲ್ಲಿ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಮುಂದೆ ಎ ಮತ್ತು ಡಿ ಸಾಲಿನ ಪಾನ್‌ಗಳನ್ನು ಒಂದೇ ಬಿಷಪ್ ತಡೆಯಲಾರದು. ಟೋಪಲೋವ್ 53ನೇ ನಡೆಗೆ ಸೋಲೊಪ್ಪಿದರು.

ಎಂಜಿನ್‌ಗೆ ಇದು ಕಷ್ಟ ಯಾಕೆಂದರೆ, ಸ್ಟಾಕ್‌ಫಿಶ್ ಎಂಬ ಎಂಜಿನ್ ಎಲ್ಲ ನಡೆಗಳನ್ನೂ ಒಂದೇ ಆಳಕ್ಕೆ, ಅಂದರೆ ಅಷ್ಟೇ ನಡೆ ಮುಂದಕ್ಕೆ, ನೋಡುವುದಿಲ್ಲ. ಒಳ್ಳೆಯದಾಗಿ ಕಾಣುವ ನಡೆಗಳು ಮೊದಲು. ಸುಮ್ನೆ ಬಿಷಪ್ ಕೊಟ್ಟಂತೆ ಕಾಣುವ ನಡೆ ಸಾಲಿನ ಕೊನೆಗೆ ಬೀಳುತ್ತದೆ, ಅದನ್ನು ಕಡಿಮೆ ಆಳಕ್ಕೆ ನೋಡಿ ಬಿಟ್ಟುಬಿಡುತ್ತದೆ. ಲಾಭ ಸಿಗುವುದೋ ತುಂಬ ನಡೆಗಳ ನಂತರ. ಲೀಲಾ ಎಂಜಿನ್‌ನ ಕಥೆ ಸ್ವಲ್ಪ ಬೇರೆ: ಅದರ ನ್ಯೂರಲ್ ನೆಟ್‌ವರ್ಕ್‌ಗೆ ಮೊದಲ ನೋಟದಲ್ಲಿ ಹಿಡಿಸದ ನಡೆಯ ಕಡೆಗೆ ಅದು ಅಪರೂಪಕ್ಕೆ ತಿರುಗುತ್ತದೆ.

ನೀವು ಹೀಗೆ ಮಾಡಿ. ಸೆಟ್ಟಿಂಗ್‌ನಲ್ಲಿ ಒಂದರ ಬದಲು ನಾಲ್ಕು ಸಾಲು (ನಾಲ್ಕು ಬೇರೆ ಬೇರೆ ನಡೆಗಳು) ತೋರಿಸುವಂತೆ ಇಡಿ. ಜಾಸ್ತಿ ಇಟ್ಟರೆ ವೇಗ ಬಿದ್ದುಹೋಗುತ್ತದೆ. ಆಗಲೂ ಬರದಿದ್ದರೆ ಬಿಷಪ್ ಎಚ್3 ಅನ್ನು ನೀವೇ ಆಡಿ, ಮುಂದಿನ ನಾಲ್ಕೈದು ನಡೆಗಳನ್ನೂ ಆಡಿಸಿ, ಎಂಜಿನ್ ಕೊಡುವ ಅಂಕ ಕಪ್ಪಿನ ಕಡೆ ಜಿಗಿಯುವವರೆಗೆ ಕಾಯಿರಿ. ಆಮೇಲೆ ಒಂದೊಂದೇ ನಡೆ ಹಿಂದೆ ಬನ್ನಿ, ಪ್ರತಿ ಕಡೆ ಸ್ವಲ್ಪ ನಿಲ್ಲಿ. ಕಂಡುಕೊಂಡದ್ದು ಹ್ಯಾಶ್ ಮೆಮೊರಿಯಲ್ಲಿ (ಎಂಜಿನ್ ತನ್ನ ಲೆಕ್ಕ ಇಟ್ಟುಕೊಳ್ಳುವ ಜಾಗ) ಉಳಿದಿರುತ್ತದೆ, ಹಾಗಾಗಿ ಮೊದಲ ಸ್ಥಿತಿಗೆ ಮರಳಿದಾಗ ನಡೆ ಬೇಗ ಸಿಗುತ್ತದೆ. ಹ್ಯಾಶ್ ತೀರಾ ಚಿಕ್ಕದಿದ್ದರೆ ಹೆಚ್ಚಿಸಿ. ಕಂಪ್ಯೂಟರ್ ಇದ್ದರೆ ಸಿಜಿಜಿ (Syzygy) ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿ ಉಳಿದ ಸ್ಥಿತಿಗಳ ಖಚಿತ ಫಲಿತಾಂಶದ ಪಟ್ಟಿ, ಸೇರಿಸಿ. ಇಲ್ಲಿ 10 ಕಾಯಿಗಳಿವೆ, 7ಕ್ಕೆ ಇಳಿದ ಕೂಡಲೇ ಉತ್ತರ ಪಕ್ಕಾ.

ಮಾಡಿ ನೋಡಿ, ಯಾವ ಡೆಪ್ತ್‌ನಲ್ಲಿ (ಆಳದಲ್ಲಿ) ಸಿಕ್ಕಿತು ಅಂತ ಇಲ್ಲೇ ಬರೆಯಿರಿ.