ರಾತ್ರಿ ಕದ್ದು ತಿನ್ನುವ ಮಗಳಿಗೆ ಏನು ಹೇಳಲಿ?

ಪ್ರಶ್ನೆ: ನಮ್ಮದು ತುಮಕೂರು. ಮಗಳಿಗೆ 15 ವರ್ಷ, ಈ ಸಲ ಎಸ್‌ಎಸ್‌ಎಲ್‌ಸಿ. ಎರಡು ವರ್ಷದಿಂದ ತುಂಬಾ ದಪ್ಪ ಆಗಿದ್ದಾಳೆ. ಊಟಕ್ಕೆ ಕೂತರೆ ಅರ್ಧ ಮುದ್ದೆ ಸಾಕು ಅಂತ ಎದ್ದುಬಿಡುತ್ತಾಳೆ. ಆದರೆ ಮೊನ್ನೆ ಹಾಸಿಗೆ ಕೆಳಗೆ ಚಿಪ್ಸ್, ಬಿಸ್ಕತ್ತಿನ ಖಾಲಿ ಪ್ಯಾಕೆಟ್‌ಗಳು ಸಿಕ್ಕವು. ಪ್ರತಿ ಭಾನುವಾರ ತೂಕ ನೋಡಿಸುತ್ತೇನೆ, ಬೈದೂ ಆಯಿತು. ಅವರಪ್ಪ ಚಿಕ್ಕಪ್ಪನ ಮಗಳ ಜೊತೆ ಹೋಲಿಸುತ್ತಾರೆ. ಅಜ್ಜಿ ಮಾತ್ರ ‘ಬೆಳೆಯೋ ಮಗು, ತಿನ್ನಲಿ ಬಿಡು’ ಅಂತಾರೆ. ನೆಂಟರ ಗೃಹಪ್ರವೇಶಕ್ಕೂ ಬರಲ್ಲ ಅಂತ ಹಟ ಮಾಡಿದಳು. ಬಾಯಿ ಕಟ್ಟೋದನ್ನ ಇವಳಿಗೆ ಹೇಗೆ ಕಲಿಸಲಿ?
– ಒಬ್ಬ ತಾಯಿ

ಉತ್ತರ: ಅವಳು ಈಗಾಗಲೇ ಬಾಯಿ ಕಟ್ಟುತ್ತಿದ್ದಾಳೆ ಅಮ್ಮಾ, ತೊಂದರೆ ಶುರುವಾಗಿರುವುದೇ ಅಲ್ಲಿ. ಎಲ್ಲರ ಎದುರು ಅರ್ಧ ಮುದ್ದೆಗೆ ಎದ್ದು, ಯಾರೂ ಇಲ್ಲದಾಗ ಪ್ಯಾಕೆಟ್ ಬಿಚ್ಚುತ್ತಾಳೆ ಅಂದರೆ, ನಿಮ್ಮ ಜೊತೆ ಕೂತು ಊಟ ಮಾಡಲು ಅವಳಿಗೆ ಭಯ. ಹಗಲೆಲ್ಲ ತಡೆದ ಹಸಿವು ರಾತ್ರಿ ಕಾಡದೆ ಬಿಡುವುದಿಲ್ಲ. ಹೊಟ್ಟೆ ಹಸಿದಾಗ ಕೈಗೆ ಸಿಗುವುದು ಹತ್ತು ರೂಪಾಯಿ ಪ್ಯಾಕೆಟ್, ತಿಂದ ಮೇಲೆ ನಾಚಿಕೆ, ಆ ಬೇಜಾರಿಗೆ ಇನ್ನೊಂದು ಪ್ಯಾಕೆಟ್, ಮಾರನೇ ದಿನ ಮತ್ತೆ ಊಟ ಬಿಡುವುದು, ಹೀಗೇ ಸುತ್ತುತ್ತಿರುತ್ತದೆ.

ಇದು ನನ್ನ ಊಹೆ ಅಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ‘ಪ್ರಾಜೆಕ್ಟ್ ಈಟ್’ ಎಂಬ ಅಧ್ಯಯನ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿತು. ತೂಕದ ವಿಷಯಕ್ಕೆ ಚುಡಾಯಿಸಿಕೊಂಡ ಮಕ್ಕಳಲ್ಲಿ 15 ವರ್ಷ ಕಳೆದ ಮೇಲೆ ಬೊಜ್ಜು ಜಾಸ್ತಿ ಕಂಡಿತು. ಡಯಟ್ ಮಾಡುತ್ತಿದ್ದ ಮಕ್ಕಳೂ 5 ವರ್ಷದ ನಂತರ, ಮಾಡದವರಿಗಿಂತ ಹೆಚ್ಚು ದಪ್ಪ ಆಗಿದ್ದರು. ನೀವು ಬೈಯುವುದು ಪ್ರೀತಿಯಿಂದಲೇ, ನನಗೆ ಗೊತ್ತು. ಆದರೂ ಅವಳಿಗೆ ಕೇಳಿಸುವುದು ‘ನೀನು ಚೆನ್ನಾಗಿಲ್ಲ’ ಅಂತ ಮಾತ್ರ.

ಅವಳ ದಿನ ಹೇಗಿರಬಹುದು ಅಂತ ಒಮ್ಮೆ ನೋಡಿ. ಬೆಳಗ್ಗೆ ಟ್ಯೂಷನ್, ಆಮೇಲೆ ಸ್ಕೂಲು, ಸಂಜೆ ಮತ್ತೆ ಟ್ಯೂಷನ್, ಓಡಾಟವೆಲ್ಲ ಸ್ಕೂಟರ್ ಹಿಂದೆ ಕೂತು. ಹತ್ತನೇ ಕ್ಲಾಸು ಬಂದರೆ ಎಷ್ಟೋ ಕಡೆ ಪಿ.ಟಿ. ಪೀರಿಯಡ್ಡೂ ಲೆಕ್ಕಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಇದ್ದರೂ ಮೈ ಬದಲಾಗುವ ವಯಸ್ಸಿನ ಹುಡುಗಿ ಎಲ್ಲರೆದುರು ಓಡಲು ಮುಜುಗರಪಡುತ್ತಾಳೆ. ಈ ವಯಸ್ಸಿಗೆ ದಿನಕ್ಕೆ 60 ನಿಮಿಷ ಮೈ ಬೆವರುವಷ್ಟು ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿದ್ದೆ 8ರಿಂದ 10 ಗಂಟೆ ಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ. ಪರೀಕ್ಷೆ ಚಿಂತೆ ಸೇರಿದರೆ ಕೇಳುವುದೇ ಬೇಡ, ಸಿಹಿಗೆ, ಕರಿದದ್ದಕ್ಕೆ ಮನಸ್ಸು ಎಳೆಯುತ್ತದೆ. ಇಷ್ಟೆಲ್ಲ ದೊಡ್ಡವರು ಮಾಡಿಟ್ಟ ವ್ಯವಸ್ಥೆ, ಅಪರಾಧಿ ಮಾತ್ರ ಅವಳು. ಇದು ನ್ಯಾಯ ಅಲ್ಲ ಅಲ್ವಾ?

ತೂಕದ ಮಷೀನನ್ನು ಅಟ್ಟಕ್ಕೆ ಹಾಕಿ. ಪ್ಯಾಕೆಟ್ ವಿಷಯ ವಿಚಾರಣೆ ಮಾಡಬೇಡಿ. ‘ರಾತ್ರಿ ಹಸಿವಾದರೆ ಅಡುಗೆಮನೆಯಲ್ಲಿ ಏನಾದರೂ ಇಟ್ಟಿರ್ತೀನಿ, ತಗೋ’ ಅಂತ ಹೇಳಿ, ನಿಜವಾಗಿಯೂ ಇಡಿ: ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸಲಿ, ಹಣ್ಣು. ಈ ಕೆಲಸ ಅಜ್ಜಿಗೆ ಒಪ್ಪಿಸಿ, ಅವರನ್ನು ಗದರಬೇಡಿ, ಆ ಮನೆಯಲ್ಲಿ ಅವಳನ್ನು ಹೋಲಿಸದೆ ಮಾತಾಡಿಸುತ್ತಿರುವುದು ಅವರೊಬ್ಬರೇ. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಿ, ಟಿ.ವಿ., ಮೊಬೈಲ್ ಬೇಡ, ಮಾರ್ಕ್ಸ್ ಮಾತೂ ಬೇಡ. ಅವಳಿಗೆ ಬೇರೆ ಅಡುಗೆ ಮಾಡಬೇಡಿ. ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದರೆ ಅವಳಿಗೂ ನಿಮ್ಮಷ್ಟೇ ಬರಲಿ. ಸಂಜೆ ಅಮಾನಿಕೆರೆ ಕಡೆ ನೀವೂ ಅವಳೂ ನಡೆಯಿರಿ, ತೂಕ ಇಳಿಸಲು ಅಂತ ಹೇಳಬೇಡಿ, ಸುಮ್ನೆ ಮಾತಾಡೋಣ ಬಾ ಅನ್ನಿ. ಟ್ಯೂಷನ್ ಒಂದನ್ನು ಬಿಡಿಸಿದರೂ ತಪ್ಪಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ನೆಂಟರು ‘ಏನಮ್ಮ ಇಷ್ಟು ದಪ್ಪ’ ಅಂದಾಗ ನೀವು ನಕ್ಕು ಸುಮ್ಮನಾಗಬೇಡಿ. ‘ಅವಳ ಮೈ ಬಗ್ಗೆ ಮಾತು ಬೇಡ’ ಅಂತ ಅವಳಿಗೆ ಕೇಳಿಸುವ ಹಾಗೆ ಹೇಳಿ. ಅವರಪ್ಪನಿಗೂ ಈ ಉತ್ತರ ಓದಲು ಕೊಡಿ.

ಒಮ್ಮೆ ವೈದ್ಯರಿಗೂ ತೋರಿಸಿ. ಮುಟ್ಟು ಏರುಪೇರಾಗಿದ್ದರೆ, ಕುತ್ತಿಗೆ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನು ಮರೆಯದೆ ಹೇಳಿ. ಪಿಸಿಓಡಿ (ಮುಟ್ಟು ಏರುಪೇರು ಮಾಡುವ ಅಂಡಾಶಯದ ತೊಂದರೆ), ಥೈರಾಯ್ಡ್, ಸಕ್ಕರೆ ಪರೀಕ್ಷೆ ಬೇಕಾ ಅಂತ ಅವರು ನೋಡುತ್ತಾರೆ. ಬೆಳೆಯುವ ಮಕ್ಕಳ ತೂಕವನ್ನು ವಯಸ್ಸಿಗೆ ತಕ್ಕ ಬೆಳವಣಿಗೆ ಪಟ್ಟಿಯಲ್ಲಿ ಅಳೆಯಬೇಕು, ದೊಡ್ಡವರ ಲೆಕ್ಕ ಇವಳಿಗೆ ಹೊಂದುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ನಡೆಸುತ್ತಾರೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ತಿಂದು ವಾಂತಿ ಮಾಡಿಕೊಳ್ಳುತ್ತಿದ್ದರೆ, ಗೆಳತಿಯರನ್ನೂ ಬಿಟ್ಟು ಕೋಣೆ ಸೇರಿಕೊಂಡಿದ್ದರೆ, ಬದುಕು ಸಾಕು ಎನ್ನುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆ ಮುಗಿಯಲಿ ಅಂತ ಮಾತ್ರ ಕಾಯಬೇಡಿ.